ಕಾಪಿಶಾಯನ: ಒಂದು ಪದದ ಋಣ



ಈ ಸಲ ಬರೆಯಹೊರಟಿರುವುದು ಒಂದು ಮದ್ಯದ ಹೆಸರಿನ ಬಗ್ಗೆ. ಮಾಸ್ತರರಿಗೆ ನಿವೃತ್ತಿಯಾದ ಮೇಲೆ ಇದೇನು ಹೊಸ ಚಟ ಎಂದು ತೆಂಗಳಿಯ ನಮ್ಮ ಮನೆಯ ಹಿರಿಯರು ಹುಬ್ಬೇರಿಸುವುದು ಬೇಡ. ನಾನು ದ್ರಾಕ್ಷಿಯನ್ನು ತಿಂದವನೇ ಹೊರತು ಅದರ ರಸವನ್ನು ಹುಳಿಸಿ ಕುಡಿದವನಲ್ಲ. ಆದರೆ ಆ ಹೆಸರಿನ ವಿಷಯದಲ್ಲಿ ನನ್ನ ಮೇಲೆ ಒಂದು ಋಣವಿದೆ. ಮೂವತ್ತೈದು ವರ್ಷಗಳಿಗೂ ಮೀರಿ ಹೊತ್ತುಕೊಂಡು ಬಂದಿರುವ ಋಣ ಅದು. ತೀರಿಸುವ ಮೊದಲು ಅದು ಹೇಗೆ ಹುಟ್ಟಿತೆಂಬುದನ್ನು ಹೇಳಬೇಕು.

1989ರ ಮಳೆಗಾಲ. ಬಿ.ಎಡ್. ಮುಗಿಸಿ ನೌಕರಿಗೆ ಸೇರಿ ನನಗೆ ಇನ್ನೂ ಮೂರು ವರ್ಷ ತುಂಬಿರಲಿಲ್ಲ. ಒಂಬತ್ತನೆಯ ತರಗತಿಯಲ್ಲಿ ಮೌರ್ಯರ ಆಡಳಿತದ ಪಾಠ ನಡೆದಿತ್ತು. ಹಿಂದಿನ ಸಾಲಿನಲ್ಲಿ ಕೂರುತ್ತಿದ್ದ ಒಬ್ಬ ಹುಡುಗ ಎದ್ದು ನಿಂತು, ಅಂಗೈಯಲ್ಲಿ ಬರೆದುಕೊಂಡು ಬಂದಿದ್ದ ಒಂದು ಪದವನ್ನು ನೋಡಿ ಓದಿ, "ಸರ್, ಕಾಪಿಶಾಯನ ಅಂದರೇನ್ರಿ?" ಎಂದು ಕೇಳಿದ. ಅವನ ತಂದೆ ಕಲ್ಲಿನ ಖಣಿಯಲ್ಲಿ ದುಡಿಯುತ್ತಿದ್ದವರು. ತಾಯಿಯ ತಂದೆ ಪುರಾಣ ಹೇಳುತ್ತಿದ್ದವರಂತೆ. ಅವರಿಂದ ಉಳಿದುಬಂದ ಒಂದು ಸಂಸ್ಕೃತ ಶಬ್ದಕೋಶ ಮನೆಯಲ್ಲಿತ್ತು. ಪದವಿದ್ದ ಕಡೆಯ ಅರ್ಧ ಪುಟ ಉಳಿದು, ಅರ್ಥವಿದ್ದ ಕಡೆಯ ಅರ್ಧವನ್ನು ಗೆದ್ದಲು ತಿಂದುಹಾಕಿತ್ತು. ಹುಡುಗನಿಗೆ ಉಳಿದರ್ಧ ಬೇಕಾಗಿತ್ತು.

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಹೇಳುವ ಧೈರ್ಯ ಆ ವಯಸ್ಸಿನಲ್ಲಿ ಇರಲಿಲ್ಲ. ಕರಿಹಲಗೆಯ ಮೇಲೆ 'ಕಪಿ' ಎಂದೂ 'ಶಯನ' ಎಂದೂ ಬಿಡಿಸಿ ಬರೆದು, "ಕಪಿ ಮಲಗುವ ಜಾಗ, ನಿನ್ನ ಹಿಂದಿನ ಬೆಂಚು" ಎಂದುಬಿಟ್ಟೆ. ತರಗತಿ ನಕ್ಕಿತು. ಗಂಟೆ ಬಾರಿಸಿತು. ಮರುದಿನದಿಂದ ಆ ಹುಡುಗನ ಹೆಸರು ಕಪಿಶಯನ ಎಂದಾಯಿತು. ಬರಬರುತ್ತ ಅದು ಸವೆದು ಬರಿಯ ಕಪಿ ಎಂದು ಉಳಿಯಿತು. ಅವನು ಮತ್ತೆ ನನ್ನ ತರಗತಿಯಲ್ಲಿ ಎದ್ದು ನಿಂತು ಪ್ರಶ್ನೆ ಕೇಳಲಿಲ್ಲ. ಹತ್ತನೆಯ ತರಗತಿಯ ಪರೀಕ್ಷೆ ಮುಗಿಸಿ ಕೆಲಸ ಹುಡುಕಿಕೊಂಡು ಮುಂಬಯಿಗೆ ಹೋದನೆಂದು ಕೇಳಿದೆ.

ಹ್ರಸ್ವ ದೀರ್ಘಗಳ ತಪ್ಪಿಗೆ ನಾನು ಅರ್ಧರ್ಧ ಅಂಕ ಕಳೆಯುತ್ತಿದ್ದುದು ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಹುಡುಗ ಓದಿದ್ದು 'ಕಾಪಿಶಾಯನ'. ನಾನು ಬಿಡಿಸಿದ್ದು 'ಕಪಿಶಯನ'. ಎರಡು ದೀರ್ಘಗಳನ್ನು ನುಂಗಿದ ಆ ತಪ್ಪಿಗೆ ನನ್ನ ಅಂಕವನ್ನು ಯಾರೂ ಕಳೆಯಲಿಲ್ಲ.

ಅನಂತರ ಏಳು ವರ್ಷಗಳು ಕಳೆದವು. 1996ರಲ್ಲಿ ಒಂದು ತರಬೇತಿಯ ನೆಪದಲ್ಲಿ ಮೈಸೂರಿಗೆ ಹೋಗಿದ್ದಾಗ ಅಲ್ಲಿನ ಪ್ರಾಚ್ಯವಿದ್ಯಾ ಸಂಶೋಧನಾಲಯವನ್ನು ನೋಡುವ ಅವಕಾಶ ಒದಗಿತು. ಕೌಟಿಲ್ಯನ ಅರ್ಥಶಾಸ್ತ್ರ ಮರಳಿ ಬೆಳಕಿಗೆ ಬಂದದ್ದು ಆ ಸಂಸ್ಥೆಯಲ್ಲಿ. ಹಾಸನ ಜಿಲ್ಲೆಯ ರುದ್ರಪಟ್ಟಣದವರಾದ ಆರ್. ಶಾಮಾಶಾಸ್ತ್ರಿಗಳು ಅಲ್ಲಿ ಗ್ರಂಥಪಾಲಕರಾಗಿದ್ದರು. 1891ರಲ್ಲಿ ಸ್ಥಾಪನೆಯಾಗಿದ್ದ ಆ ಭಂಡಾರಕ್ಕೆ ತಂಜಾವೂರು ಕಡೆಯ ಒಬ್ಬ ಪಂಡಿತರು ಒಪ್ಪಿಸಿದ ತಾಳೆಗರಿಯ ಕಟ್ಟಿನಲ್ಲಿ, ಗ್ರಂಥ ಲಿಪಿಯಲ್ಲಿ, ಅರ್ಥಶಾಸ್ತ್ರ ಇರುವುದನ್ನು ಅವರು 1905ರಲ್ಲಿ ಗುರುತಿಸಿದರು. ಅಲ್ಲಿಯವರೆಗೆ ಆ ಗ್ರಂಥ ಲೋಕಕ್ಕೆ ತಿಳಿದಿದ್ದುದು ಬಾಣ, ದಂಡಿ ಮೊದಲಾದವರು ಮಾಡಿದ ಪ್ರಸ್ತಾಪಗಳಿಂದ ಮಾತ್ರ. ಮೂಲ 1909ರಲ್ಲಿ ಅಚ್ಚಾಯಿತು. 1915ರಲ್ಲಿ ಶಾಸ್ತ್ರಿಗಳ ಇಂಗ್ಲಿಷ್ ಅನುವಾದ ಪುಸ್ತಕವಾಗಿ ಬಂದಾಗ ಅದಕ್ಕೆ ಪರಿಚಯ ಬರೆದವರು ಜೆ. ಎಫ್. ಫ್ಲೀಟ್. ಈ ಹೆಸರನ್ನು ನಾವು ಮರೆಯುವಂತಿಲ್ಲ. ಮಳಖೇಡದ ರಾಷ್ಟ್ರಕೂಟರ, ಕಲ್ಯಾಣದ ಚಾಲುಕ್ಯರ ಶಾಸನಗಳನ್ನು ಓದಿ ಕನ್ನಡ ನಾಡಿನ ಅರಸುಮನೆತನಗಳ ಚರಿತ್ರೆಯನ್ನು ಜೋಡಿಸಿದವರಲ್ಲಿ ಅವರು ಮೊದಲಿಗರು.

ಮೈಸೂರಿನ ಹಳೆಯ ಪುಸ್ತಕದಂಗಡಿಯೊಂದರಲ್ಲಿ ಆ ಅನುವಾದದ ಮರುಮುದ್ರಣ ಸಿಕ್ಕಿತು. ಬೆಂಗಳೂರಿನಿಂದ ಹೊರಟ ರೈಲು ಗುಂತಕಲ್ಲು ದಾಟಿ ರಾಯಚೂರಿನ ಕಡೆ ಬರುತ್ತಿದ್ದಾಗ ಎರಡನೆಯ ಅಧಿಕರಣದ ಇಪ್ಪತ್ತೈದನೆಯ ಅಧ್ಯಾಯವನ್ನು ಓದುತ್ತಿದ್ದೆ. ಅದು ಸುರಾಧ್ಯಕ್ಷನ, ಅಂದರೆ ಅಬಕಾರಿ ಅಧಿಕಾರಿಯ ಕರ್ತವ್ಯಗಳನ್ನು ಹೇಳುವ ಅಧ್ಯಾಯ. ಅಲ್ಲಿ ಆ ಪದವಿತ್ತು. ಪುಸ್ತಕವನ್ನು ಮಡಿಲಲ್ಲಿ ಮುಚ್ಚಿಟ್ಟು ವಾಡಿ ಬರುವವರೆಗೂ ಕಿಟಕಿಯ ಹೊರಗೆ ನೋಡುತ್ತ ಕುಳಿತೆ.

ಆ ಅಧ್ಯಾಯ ಓದಲು ಬಹಳ ಸ್ವಾರಸ್ಯವಾಗಿದೆ. ಪಾನಶಾಲೆಯಲ್ಲಿ ಪ್ರತ್ಯೇಕ ಕೋಣೆಗಳು, ಹಾಸಿಗೆ, ಆಸನ, ಗಂಧ, ಹೂಮಾಲೆ, ನೀರು ಇರಬೇಕು. ಬಂದವರಲ್ಲಿ ಯಾರು ಮಾಮೂಲಿಗಿಂತ ಹೆಚ್ಚು ಖರ್ಚು ಮಾಡುತ್ತಾರೆ ಎಂಬುದರ ಮೇಲೆ ಗೂಢಚಾರರು ಕಣ್ಣಿಟ್ಟಿರಬೇಕು. ಉತ್ಸವ ಜಾತ್ರೆಗಳಲ್ಲಿ ನಾಲ್ಕು ದಿನ ಮಟ್ಟಿಗೆ ಸಡಿಲಿಕೆ ಉಂಟು. ಇಷ್ಟೆಲ್ಲ ಹೇಳಿ ಕೌಟಿಲ್ಯ ಆರು ಬಗೆಯ ಮದ್ಯಗಳನ್ನು ಎಣಿಸುತ್ತಾನೆ: ಮೇದಕ, ಪ್ರಸನ್ನ, ಆಸವ, ಅರಿಷ್ಟ, ಮೈರೇಯ, ಮಧು. ಮೇದಕಕ್ಕೆ ಒಂದು ದ್ರೋಣ ನೀರಿಗೆ ಅರ್ಧ ಆಢಕ ಅಕ್ಕಿ, ಮೂರು ಪ್ರಸ್ಥ ಕಿಣ್ವ. ಆಸವಕ್ಕೆ ಬೇಲದ ಹಣ್ಣು, ಕಾಕಂಬಿ, ಜೇನು. ಮೈರೇಯಕ್ಕೆ ಬೆಲ್ಲ, ಹಿಪ್ಪಲಿ, ಮೆಣಸು. ಅರಿಷ್ಟವನ್ನು ವೈದ್ಯರ ವಿವೇಚನೆಗೆ ಬಿಟ್ಟಿದ್ದಾನೆ. ಹೀಗೆ ತೂಕ ಅಳತೆಗಳನ್ನು ಕೊಡುತ್ತ ಬಂದವನು ಕೊನೆಯ ಮಧುವಿನ ಬಳಿ ಬಂದಾಗ ಲೇಖನಿಯನ್ನು ಬೇರೆ ಕಡೆ ತಿರುಗಿಸುತ್ತಾನೆ. ಅದು ದ್ರಾಕ್ಷಿಯ ರಸ ಎನ್ನುತ್ತಾನೆ. ಕಾಪಿಶಾಯನ, ಹಾರಹೂರಕ ಎಂಬ ಎರಡು ಹೆಸರುಗಳನ್ನು ಕೊಡುತ್ತಾನೆ. ಆ ಹೆಸರುಗಳಿಗೆ ವಿವರಣೆ ಬೇಕಿದ್ದರೆ ಅವು ಹುಟ್ಟಿದ ದೇಶವನ್ನೇ ನೋಡಿಕೊಳ್ಳಿ ಎಂಬ ಭಾವದಲ್ಲಿ ಮಾತು ಮುಗಿಸುತ್ತಾನೆ. ಅಳತೆಯಿಲ್ಲ, ಪಾಕವಿಲ್ಲ.

ಕಾರಣವನ್ನು ಊಹಿಸುವುದು ಕಷ್ಟವಲ್ಲ. ಮಿಕ್ಕವನ್ನು ಅವನ ರಾಜ್ಯದ ಭಟ್ಟಿಗಳಲ್ಲಿ ಮಾಡುತ್ತಿದ್ದರು, ಆದ್ದರಿಂದ ಅಧಿಕಾರಿಗೆ ಅಳತೆ ಗೊತ್ತಿರಬೇಕಿತ್ತು. ದ್ರಾಕ್ಷಾರಸ ವಾಯವ್ಯದಿಂದ ವರ್ತಕರ ಮೂಲಕ ಬರುತ್ತಿತ್ತು. ಬರುವ ಸರಕಿನ ಮಟ್ಟಿಗೆ ಅಧಿಕಾರಿ ತಿಳಿಯಬೇಕಾದದ್ದು ಅದು ಎಲ್ಲಿಂದ ಬಂತು ಎಂಬುದನ್ನು. ಇನ್ನೊಂದು ತೊಡಕೂ ಇತ್ತು. ಮಧು ಎಂದರೆ ಜೇನೂ ಹೌದು, ದ್ರಾಕ್ಷಿಯ ಮದ್ಯವೂ ಹೌದು. ಅದೇ ಗ್ರಂಥದ ಉಗ್ರಾಣದ ಅಧ್ಯಾಯ ಎರಡನ್ನೂ ಮಧುವೆಂದೇ ಕರೆಯುತ್ತದೆ. ಊರಿನ ಹೆಸರು ಸೇರಿದರೆ ಗೊಂದಲ ಉಳಿಯುವುದಿಲ್ಲ.

ಈಗ ಕಾಪಿಶಾಯನ ಎಂಬ ಪದಕ್ಕೆ ಬರೋಣ. ಪಾಣಿನಿಯ ಅಷ್ಟಾಧ್ಯಾಯಿಯ ನಾಲ್ಕನೆಯ ಅಧ್ಯಾಯದ ಎರಡನೆಯ ಪಾದದಲ್ಲಿ ಇದಕ್ಕಾಗಿಯೇ ಎರಡೇ ಪದಗಳ ಒಂದು ಸೂತ್ರವಿದೆ, ತೊಂಬತ್ತೊಂಬತ್ತನೆಯದು. ಕಾಪಿಶೀ ಎಂಬ ಊರಿನ ಹೆಸರಿಗೆ 'ಅಲ್ಲಿಯದು, ಅಲ್ಲಿಂದ ಬಂದದ್ದು' ಎಂಬರ್ಥದಲ್ಲಿ ಒಂದು ಪ್ರತ್ಯಯ ಹತ್ತುತ್ತದೆ, ಅದು 'ಆಯನ' ಎಂಬ ರೂಪ ತಾಳುತ್ತದೆ. ಕಾಪಿಶೀ, ಆಯನ ಎರಡೂ ಕೂಡಿ ಕಾಪಿಶಾಯನ. ನಾನು ನುಂಗಿದ ಎರಡು ದೀರ್ಘಗಳಲ್ಲಿ ಒಂದು ಊರಿನ ಹೆಸರಿನದು, ಇನ್ನೊಂದು ಪ್ರತ್ಯಯದ್ದು. ಕಪಿಗೂ ಇಲ್ಲ, ಶಯನಕ್ಕೂ ಇಲ್ಲ ಇಲ್ಲಿ ಜಾಗ. ಒಂದು ಎಚ್ಚರಿಕೆ: ಪಾಣಿನಿ ಸೂತ್ರದಲ್ಲಿ ಮದ್ಯದ ಮಾತನ್ನೇ ಎತ್ತಿಲ್ಲ. ಏಳನೆಯ ಶತಮಾನದ ಸುಮಾರಿಗೆ ಜಯಾದಿತ್ಯ, ವಾಮನರು ಬರೆದ ಕಾಶಿಕಾ ವೃತ್ತಿ ಉದಾಹರಣೆ ಕೊಡುವಾಗ ಕಾಪಿಶಿಯ ಮಧುವನ್ನೂ ಕಾಪಿಶಿಯ ದ್ರಾಕ್ಷಿಯನ್ನೂ ಹೆಸರಿಸುತ್ತದೆ. ಊರಿನಿಂದ ಬರುವ ನೂರು ವಸ್ತುಗಳಿರುವಾಗ ವೈಯಾಕರಣರಿಗೆ ನೆನಪಾದದ್ದು ಈ ಎರಡು ಎಂದ ಮೇಲೆ ಆ ಊರಿನ ಕೀರ್ತಿ ಯಾವುದರ ಮೇಲೆ ನಿಂತಿತ್ತೆಂಬುದು ತಿಳಿಯುತ್ತದೆ.

ಇದರ ಹಿಂದಿನ ಸೂತ್ರ ಯಾವುದು ಗೊತ್ತೆ? ದಕ್ಷಿಣದವರನ್ನು ದಾಕ್ಷಿಣಾತ್ಯರೆಂದು, ಪಶ್ಚಿಮದವರನ್ನು ಪಾಶ್ಚಾತ್ಯರೆಂದು ಕರೆಯುವ ರೂಪಗಳನ್ನು ಸಾಧಿಸುವ ಸೂತ್ರ. ಅಂದರೆ ನಾವೂ ಆ ಮದ್ಯವೂ ಪಾಣಿನಿಯ ಪುಟದಲ್ಲಿ ನೆರೆಹೊರೆಯವರು. ಚಿತ್ತಾಪುರದ ಬಳಿಯ ನಾಗಾವಿಯ ಘಟಿಕಾಸ್ಥಾನದಲ್ಲಿ 1058ರ ಶಾಸನದ ಪ್ರಕಾರ ಪುಸ್ತಕಗಳನ್ನು ನೋಡಿಕೊಳ್ಳಲು ಆರು ಮಂದಿ ಸರಸ್ವತೀ ಭಂಡಾರಿಗರಿದ್ದರು. ವ್ಯಾಕರಣವಿಲ್ಲದ ವಿದ್ಯಾಸ್ಥಾನ ಆ ಕಾಲದಲ್ಲಿ ಇರಲಿಲ್ಲ. ನಮ್ಮ ಹುಡುಗ ಕೇಳಿದ ಪದವನ್ನು ಒಂದು ಸಾವಿರ ವರ್ಷಗಳ ಹಿಂದೆ ಅದೇ ತಾಲ್ಲೂಕಿನ ನೆಲದಲ್ಲಿ ಮಕ್ಕಳು ಗಟ್ಟಿಮಾಡಿ ಒಪ್ಪಿಸುತ್ತಿದ್ದಿರಬೇಕು, ಮತ್ತು ಅವರ ಗುರುಗಳು ಸರಿಯಾದ ಅರ್ಥವನ್ನೇ ಹೇಳಿರಬೇಕು.

ಕಪಿಯ ವಿಷಯದಲ್ಲಿ ಮಾತ್ರ ನನ್ನ ಪರವಾಗಿ ಒಂದು ಸಣ್ಣ ಸಾಕ್ಷಿಯಿದೆ, ಮುಚ್ಚಿಡುವುದಿಲ್ಲ. ಸಂಸ್ಕೃತದಲ್ಲಿ 'ಕಪಿಶ' ಎಂದರೆ ಕಂದುಗೆಂಪು, ಮಂಗನ ಮೈಬಣ್ಣ. ಅದು ಕಪಿ ಶಬ್ದದಿಂದಲೇ ಬಂದದ್ದು. ಆ ಬಣ್ಣದ ಮಣ್ಣಿನಿಂದಲೋ ಬೆಟ್ಟದಿಂದಲೋ ಊರಿಗೆ ಕಾಪಿಶೀ ಎಂಬ ಹೆಸರು ಬಂತೆಂದು ಯಾರಾದರೂ ವಾದಿಸಬಹುದು. ನನಗೆ ಒಪ್ಪಿಗೆಯಿಲ್ಲ. ರೋಮಿನ ಪ್ಲಿನಿ ಕ್ರಿಸ್ತಶಕದ ಮೊದಲ ಶತಮಾನದಲ್ಲಿಯೇ ಕಪಿಸಾ ಎಂಬ ಊರನ್ನು ಪಾರಸಿಕರ ಸೈರಸ್ ಹಾಳುಗೆಡವಿದನೆಂದು ಬರೆದಿದ್ದಾನೆ. ಇರಾನೀ ಭಾಷೆಗಳೂ ಗ್ರೀಕೂ ಪ್ರಾಕೃತವೂ ಕಲೆತ ಆ ಗಡಿನಾಡಿನ ಊರ ಹೆಸರಿಗೆ ಸಂಸ್ಕೃತದ ಕೋಶದಿಂದ ಅರ್ಥ ಕೊಡಲು ಹೊರಡುವುದು, ನಾನು ಆ ದಿನ ಹಲಗೆಯ ಮೇಲೆ ಮಾಡಿದ ಕೆಲಸದ ಜಾತಿಗೇ ಸೇರುತ್ತದೆ.

ಕಾಪಿಶೀ ಎಲ್ಲಿದೆ? ಕಾಬೂಲಿನ ಉತ್ತರಕ್ಕೆ ಸುಮಾರು ಅರವತ್ತು ಕಿಲೋಮೀಟರು ದೂರದಲ್ಲಿ, ಪಂಜಶೀರ್ ಮತ್ತು ಘೋರ್‌ಬಂದ್ ನದಿಗಳು ಕೂಡುವೆಡೆಯಲ್ಲಿ, ಬೇಗ್ರಾಮ್ ಎಂಬ ಹಾಳುದಿಬ್ಬವಿದೆ. ಅಮೆರಿಕದ ಸೈನ್ಯ 2021ರವರೆಗೆ ಬೀಡುಬಿಟ್ಟಿದ್ದ ಬಗ್ರಾಮ್ ವಿಮಾನನೆಲೆ ಅದರ ಪಕ್ಕದ್ದೇ. ಕ್ರಿಸ್ತಪೂರ್ವ ಎರಡನೆಯ ಶತಮಾನದ ಗ್ರೀಕ್ ಅರಸ ಯೂಕ್ರಟೈಡೀಸನ ಹೆಸರಿನ ನಾಣ್ಯಗಳಲ್ಲಿ ಕಾಪಿಶಿಯ ನಗರದೇವತೆ ಎಂಬರ್ಥದ ಖರೋಷ್ಠೀ ಬರಹವಿದೆ. 1937 ಮತ್ತು 1939ರಲ್ಲಿ ಜೋಸೆಫ್ ಹಾಗೂ ರಿಯಾ ಹಾಕಿನ್ ಎಂಬ ಫ್ರೆಂಚ್ ದಂಪತಿಗಳು ಬೇಗ್ರಾಮಿನಲ್ಲಿ ಗೋಡೆಕಟ್ಟಿ ಮುಚ್ಚಿದ್ದ ಎರಡು ಕೋಣೆಗಳನ್ನು ಅಗೆದು ತೆಗೆದಾಗ ಭಾರತದ ಕೆತ್ತನೆಯ ದಂತ, ರೋಮನ್ ಜಗತ್ತಿನ ಚಿತ್ರಬಿಡಿಸಿದ ಗಾಜಿನ ಬಟ್ಟಲುಗಳು, ಚೀನದ ಅರಗಿನ ಪಾತ್ರೆಗಳು ಒಂದೇ ಕಡೆ ಸಿಕ್ಕವು. ಮೂರು ದಿಕ್ಕಿನ ಸರಕು ಬಂದು ಇಳಿಯುತ್ತಿದ್ದ ಪೇಟೆ ಅದು. ಏಳನೆಯ ಶತಮಾನದಲ್ಲಿ ಹುಯೆನ್‌ತ್ಸಾಂಗ್ ಈ ರಾಜ್ಯದ ಮೂಲಕ ಭಾರತಕ್ಕೆ ಬಂದ. ಅಲ್ಲಿನ ಹಣ್ಣಿನ ಮರಗಳನ್ನೂ ಕುದುರೆಗಳನ್ನೂ ಹೆಸರಿಸಿದ. ಬಾಬರನಂತೂ ಕಾಬೂಲ್ ಸೀಮೆಯ ದ್ರಾಕ್ಷಿಯನ್ನೂ ಅದರ ಮದ್ಯವನ್ನೂ ಆತ್ಮಕಥೆಯಲ್ಲಿ ಹೊಗಳಿ, 1527ರಲ್ಲಿ ಖಾನ್ವಾ ಯುದ್ಧದ ಹೊಸ್ತಿಲಲ್ಲಿ ಕುಡಿತ ಬಿಟ್ಟೆನೆಂದು ಶಪಥ ಮಾಡಿದ. ಹಾರಹೂರವನ್ನು ಇನ್ನೂ ನೈರುತ್ಯಕ್ಕೆ, ಕಂದಹಾರದ ಕಡೆಗೆ ಹಲವು ವಿದ್ವಾಂಸರು ಗುರುತಿಸುತ್ತಾರೆ. ಆ ನಾಡಿನ ಹೆಸರು ಮದ್ಯಕ್ಕಷ್ಟೇ ನಿಲ್ಲದೆ ಸಂಸ್ಕೃತದ ಕೋಶಗಳಲ್ಲಿ 'ಹಾರಹೂರಾ' ಎಂದು ದ್ರಾಕ್ಷಿಗೇ ಪರ್ಯಾಯವಾಗಿ ಕುಳಿತಿದೆ.

ನಮ್ಮ ತಂದೆಯವರ ಬಾಲ್ಯದಲ್ಲಿ, ನಿಜಾಮರ ಕಾಲದಲ್ಲಿ, ಹಿಂಗು ಮತ್ತು ಒಣದ್ರಾಕ್ಷಿ ಮಾರುತ್ತ, ಬಡ್ಡಿಗೆ ಸಾಲ ಕೊಡುತ್ತ ಕಾಬೂಲಿ ಪಠಾಣರು ಈ ಹಳ್ಳಿಗಳಿಗೆ ಬರುತ್ತಿದ್ದರಂತೆ. ನಮ್ಮ ಅಜ್ಜಿ ದ್ರಾಕ್ಷಿಗೆ ಅಂಗೂರವೆಂದೇ ಹೇಳುತ್ತಿದ್ದಳು. ಈಚಲಿನ ಸೇಂದಿಯ ಈ ಸೀಮೆಗೆ ಕಾಪಿಶಿಯ ದ್ರಾಕ್ಷಿ ಬತ್ತಿದ ರೂಪದಲ್ಲಾದರೂ ಬಂದು ಸೇರಿತು ಎನ್ನಬಹುದು.

ಮದ್ಯವಾಗಿ ಬಂದಿತ್ತೆ? ಮಳಖೇಡದ ಅರಮನೆಯ ಬಗ್ಗೆ ಒಂದು ಕುತೂಹಲದ ಸಾಕ್ಷ್ಯವಿದೆ. ಹತ್ತನೆಯ ಶತಮಾನದ ಆರಂಭದಲ್ಲಿ ಭಾರತಕ್ಕೆ ಬಂದಿದ್ದ ಅರಬ್ ಲೇಖಕ ಅಲ್ ಮಸೂದಿ, ಬಲ್ಹಾರ ಎಂಬ ದೊರೆಯ ರಾಜಧಾನಿ ಮಾನ್ಕೀರ್ ಎಂದು ಬರೆದಿದ್ದಾನೆ. ಬಲ್ಹಾರನೆಂದರೆ ವಲ್ಲಭರಾಜ, ರಾಷ್ಟ್ರಕೂಟ ಚಕ್ರವರ್ತಿ. ಮಾನ್ಕೀರ್ ಎಂದರೆ ನಮ್ಮ ಕಾಗಿಣಾ ದಡದ ಮಾನ್ಯಖೇಟ. ಹಿಂದೂಗಳು ಮದ್ಯದಿಂದ ದೂರವಿರುತ್ತಾರೆ, ಅರಸನು ಕುಡಿದದ್ದು ಸಾಬೀತಾದರೆ ಸಿಂಹಾಸನಕ್ಕೆ ಅನರ್ಹನಾಗುತ್ತಾನೆ ಎಂದು ಅದೇ ಗ್ರಂಥ ಹೇಳುತ್ತದೆ. ನಮ್ಮ ಅಭಿಮಾನಕ್ಕೆ ಹಿತವಾದ ಮಾತು. ಆದರೂ ಪ್ರವಾಸಿ ಕೇಳಿ ಬರೆದದ್ದನ್ನು ಪೂರ್ತಿ ನಂಬುವುದು ಚರಿತ್ರೆಯ ಮಾಸ್ತರನಿಗೆ ಶೋಭಿಸದು. ಅದಕ್ಕೂ ಮೊದಲಿನ ಸಾಕ್ಷಿ ಬೇರೆ ಕಥೆ ಹೇಳುತ್ತದೆ. ಮೊದಲನೆಯ ಶತಮಾನದ 'ಪೆರಿಪ್ಲಸ್' ಎಂಬ ಗ್ರೀಕ್ ನಾವಿಕರ ಕೈಪಿಡಿ ಭರುಕಚ್ಛದ ಬಂದರಿಗೆ, ಇಂದಿನ ಭರೂಚಿಗೆ, ಇಳಿಯುತ್ತಿದ್ದ ಸರಕುಗಳ ಪಟ್ಟಿಯಲ್ಲಿ ಇಟಲಿಯ ಮದ್ಯವನ್ನು ಮೊದಲಿಟ್ಟು, ಲವೋಡಿಕೆಯ ಹಾಗೂ ಅರೇಬಿಯದ ಮದ್ಯಗಳನ್ನು ಅನಂತರ ಹೇಳುತ್ತದೆ. ಅಲ್ಲಿಯೂ ನೋಡಿ, ಗುರುತೆಲ್ಲ ನಾಡಿನ ಹೆಸರಿನಿಂದಲೇ.

ಈ ಗುರುತಿನ ಸಲುವಾಗಿ ಯುರೋಪಿನಲ್ಲಿ ಕಾನೂನುಗಳಾದವು, ಹೊಡೆದಾಟಗಳಾದವು. ಟಸ್ಕನಿಯ ದೊರೆ 1716ರಲ್ಲಿ ಕಿಯಾಂತಿ ಮದ್ಯದ ಸೀಮೆಗೆ ಗಡಿ ಹಾಕಿದ. ಪೋರ್ಚುಗಲ್ಲಿನಲ್ಲಿ ಮಂತ್ರಿ ಪೊಂಬಾಲ್ 1756ರಲ್ಲಿ ದೌರು ಕಣಿವೆಗೆ ಗಡಿ ಗುರುತಿಸಿದ. ಅಲ್ಲಿನ ಮದ್ಯಕ್ಕೆ ಪೋರ್ಟ್ ಎಂಬ ಹೆಸರು ಬಂದದ್ದು ಬೆಳೆದ ನೆಲದಿಂದಲ್ಲ, ಹಡಗಿಗೇರಿಸಿದ ಪೋರ್ತೊ ಪಟ್ಟಣದಿಂದ. 1911ರಲ್ಲಿ ಫ್ರಾನ್ಸಿನ ಶಾಂಪೇನ್ ಸೀಮೆಯ ಗಡಿಯೊಳಗೆ ಯಾವ ಹಳ್ಳಿಗಳು ಬರಬೇಕೆಂಬ ವಿವಾದಕ್ಕೆ ಬೆಳೆಗಾರರು ದಂಗೆಯೆದ್ದು ಮಳಿಗೆಗಳಿಗೆ ಬೆಂಕಿಯಿಟ್ಟರು, ಸೈನ್ಯ ಬರಬೇಕಾಯಿತು. ಹೊರಗಿನ ದ್ರಾಕ್ಷಿ ತರಿಸಿ ಶಾಂಪೇನ್ ಎಂದು ಮಾರಿದರೆ ನೆಲ ನಂಬಿದವನ ಗತಿಯೇನು ಎಂಬುದು ಅವರ ಹೊಟ್ಟೆಯ ಪ್ರಶ್ನೆಯಾಗಿತ್ತು.

ಇದನ್ನೆಲ್ಲ ಓದುವಾಗ ಶಹಾಬಾದ್ ಕಲ್ಲು ನನ್ನ ಕಣ್ಣ ಮುಂದೆ ಬಂತು. ನಿಮ್ಮಲ್ಲಿ ಬೆಂಗಳೂರು, ಪುಣೆಗಳಲ್ಲಿರುವವರು ಯಾವುದಾದರೂ ಹಳೆಯ ಮನೆಯ ನೆಲದ ಮೇಲೆ ನಿಂತಾಗ ಬೂದುಬಣ್ಣದ ತಣ್ಣನೆಯ ಹಾಸುಗಲ್ಲನ್ನು ನೋಡಿರುತ್ತೀರಿ. ಅದು ಭೀಮಾ ಕಣಿವೆಯ ಸುಣ್ಣಕಲ್ಲು. ಕಲ್ಲು ಕೀಳುವುದು ಚಿತ್ತಾಪುರ, ಸೇಡಂ, ವಾಡಿ ಸುತ್ತಿನ ಎಷ್ಟೋ ಹಳ್ಳಿಗಳಲ್ಲಿ. ಹೆಸರು ಮಾತ್ರ ರೈಲಿಗೇರಿಸಿದ ಶಹಾಬಾದಿನದು. ಪೋರ್ಟಿನ ಕಥೆಯೇ ಇಲ್ಲಿಯೂ. ಗಡಿಯಾಚೆಯ ತಾಂಡೂರಿನಲ್ಲೂ ಇದೇ ಜಾತಿಯ ಕಲ್ಲು ಸಿಗುತ್ತದೆ, ದೂರದ ಊರಿನ ಗ್ರಾಹಕನಿಗೆ ಎರಡರ ವ್ಯತ್ಯಾಸ ತಿಳಿಯದು. ಮನುಷ್ಯರಿಗೂ ನಮ್ಮ ಕಡೆ ಇದೇ ನಿಯಮ: ತೆಂಗಳಿ, ಮಳಖೇಡ, ಚಿಂಚೋಳಿ ಎಂದು ಊರ ಹೆಸರೇ ಅಡ್ಡಹೆಸರು. ಊರು ಬಿಟ್ಟು ಮೂರು ತಲೆಮಾರಾದರೂ ಹೆಸರು ಊರನ್ನು ಬಿಡುವುದಿಲ್ಲ.

ಭಾರತದಲ್ಲಿ ಇಂತಹ ಹೆಸರುಗಳ ರಕ್ಷಣೆಗೆ ಭೌಗೋಳಿಕ ಸೂಚಕಗಳ ಕಾಯಿದೆ 1999ರಲ್ಲಿ ಆಗಿ, 2003ರ ಸೆಪ್ಟೆಂಬರಿನಿಂದ ಜಾರಿಗೆ ಬಂತು. ದಾರ್ಜಿಲಿಂಗ್ ಚಹಾ ಅದರಡಿ ಮೊದಲು ನೋಂದಾಯಿತವಾಯಿತು. ನಮ್ಮ ಗುಲಬರ್ಗಾ ತೊಗರಿಬೇಳೆಗೆ 2019ರಲ್ಲಿ ಆ ಗೌರವ ಸಿಕ್ಕಿತು. ನಮ್ಮ ಬೇಳೆಯ ರುಚಿಗೆ ನೆಲದಲ್ಲಿರುವ ಸುಣ್ಣದ ಅಂಶ ಕಾರಣವೆನ್ನುತ್ತಾರೆ. ಕಲ್ಲು, ಸಿಮೆಂಟು, ಬೇಳೆ ಮೂರೂ ಒಂದೇ ಸುಣ್ಣದ ನೆಲದ ಮಕ್ಕಳೆಂದಾಯಿತು. ಶಾಂಪೇನ್ ಸೀಮೆಯದೂ ಸುಣ್ಣದ ನೆಲವೇ. ಹಾಗೆಂದು ನಾಳೆ ಯಾರೂ ತೊಗರಿ ಕಿತ್ತು ದ್ರಾಕ್ಷಿ ಹಾಕುವುದು ಬೇಡ. ಕರ್ನಾಟಕದಲ್ಲಿ ಊರ ಹೆಸರಿನ ದ್ರಾಕ್ಷಿಯೂ ಉಂಟು: ಬೆಂಗಳೂರು ಬ್ಲೂ, ಅದಕ್ಕೂ ಈ ನೋಂದಣಿ ಆಗಿದೆ. ಆದರೆ ಆ ತಳಿ ಮೂಲದಲ್ಲಿ ಅಮೆರಿಕದ ಇಸಬೆಲ್ಲಾ. ಹೊರಗಿನಿಂದ ಬಂದು ಇಲ್ಲಿನ ಹೆಸರು ಪಡೆದು ಇಲ್ಲಿಯದೇ ಆಗಿಹೋಯಿತು. ಕಾಪಿಶಾಯನದ್ದು ಇದಕ್ಕೆ ತಿರುವುಮುರುವು. ಎಷ್ಟು ದೂರ ಸಾಗಿದರೂ ಅದು ಹುಟ್ಟೂರಿನ ಹೆಸರನ್ನೇ ಹೊತ್ತಿತ್ತು.

ಇನ್ನೊಂದು ಸಂಗತಿಯನ್ನು ಹೇಳದೆ ಮುಗಿಸಲಾರೆ. ಚಿತ್ತಾಪುರ ತಾಲ್ಲೂಕಿನ ಸನ್ನತಿಗೆ ನಾನು ನಿಮ್ಮಲ್ಲಿ ಎಷ್ಟು ತಂಡಗಳನ್ನು ಪ್ರವಾಸಕ್ಕೆ ಕರೆದೊಯ್ದೆನೋ ಲೆಕ್ಕವಿಲ್ಲ. 1986ರಲ್ಲಿ ಅಲ್ಲಿನ ಕಾಳಿಯ ಗುಡಿಯ ಮಾಳಿಗೆ ಕುಸಿದಾಗ ದೇವಿಯ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಬೆಳಕಿಗೆ ಬಂತು. ಅದರಲ್ಲಿ ಅವನ ಹನ್ನೆರಡನೆಯ ಶಿಲಾಶಾಸನವಿದೆ. ಅದೇ ಹನ್ನೆರಡನೆಯ ಶಾಸನದ ಕೊನೆಯ ಭಾಗ ಗ್ರೀಕ್ ಭಾಷೆಯಲ್ಲಿ ಕಂದಹಾರದಲ್ಲಿ 1963ರಲ್ಲಿ ಸಿಕ್ಕಿತ್ತು. ಹಾರಹೂರದ ದ್ರಾಕ್ಷಿಯ ನಾಡಿಗೂ ನಮ್ಮ ಭೀಮಾ ದಡಕ್ಕೂ ನೇರ ಗೆರೆ ಎಳೆದರೆ ಸುಮಾರು 2000 ಕಿಲೋಮೀಟರು. ಎರಡೂ ತುದಿಗಳಲ್ಲಿ ಒಬ್ಬನೇ ಅರಸ ಒಂದೇ ಮಾತನ್ನು ಕೆತ್ತಿಸಿದ್ದ. ಆ ಶಾಸನದ ವಿಷಯ ಇತರ ಪಂಥದವರನ್ನು ಗೌರವಿಸುವುದು, ಮತ್ತು ಅದಕ್ಕಾಗಿ ನಾಲಗೆಯನ್ನು ಹಿಡಿತದಲ್ಲಿಡುವುದು. ಇದನ್ನು ಸನ್ನತಿಯ ಕಲ್ಲಿನ ಮುಂದೆ ನಿಂತು ಪ್ರತಿ ವರ್ಷ ಮಕ್ಕಳಿಗೆ ವಿವರಿಸುತ್ತಿದ್ದೆ. ವಿವರಿಸುವಾಗ ಪ್ರತಿ ವರ್ಷವೂ ಹಿಂದಿನ ಬೆಂಚಿನ ಆ ಹುಡುಗ ನೆನಪಾಗುತ್ತಿದ್ದ.

ಕಾಪಿಶಿಯ ತೋಟಗಳ ಕಡೆಯ ಸುದ್ದಿ ನಾನು ಓದಿದ್ದು 1999ರಲ್ಲಿ. ಬಗ್ರಾಮಿನಿಂದ ಕಾಬೂಲಿನತ್ತ ಹಬ್ಬಿರುವ ಶೊಮಾಲಿ ಬಯಲಿನಲ್ಲಿ ಆ ವರ್ಷ ತಾಲಿಬಾನ್ ಪಡೆಗಳು ದ್ರಾಕ್ಷಿಬಳ್ಳಿಗಳನ್ನು ಕಡಿದು ಸುಟ್ಟು, ನೀರಿನ ಕಾಲುವೆಗಳನ್ನು ಒಡೆದು, ಜನರನ್ನು ಓಡಿಸಿದವು. ಪಾಣಿನಿಗೆ ಗೊತ್ತಿದ್ದ ನಾಡು. 2001ರ ನಂತರ ಜನ ಹಿಂದಿರುಗಿ ಮತ್ತೆ ಬಳ್ಳಿ ನೆಟ್ಟರು.

ರೈಲಿನಲ್ಲಿ ಅರ್ಥ ತಿಳಿದ ದಿನವೇ ಅವನಿಗೊಂದು ಕಾಗದ ಬರೆಯಬೇಕಿತ್ತು. ಅಷ್ಟರಲ್ಲಿ ನನಗೆ ವರ್ಗವಾಗಿತ್ತು, ಅವನ ಮನೆಯವರು ಆ ಹಳ್ಳಿ ಬಿಟ್ಟಿದ್ದರು. ಇವು ನೆಪಗಳೆಂದು ನನಗೆ ಗೊತ್ತು. ವಿಚಾರಿಸಿದ್ದರೆ ವಿಳಾಸ ಸಿಗುತ್ತಿತ್ತು, ವಿಚಾರಿಸಲು ನಾಚಿಕೆಯಾಗಿತ್ತು.

1989–90ರ ಒಂಬತ್ತನೆಯ ತರಗತಿಯವರು ನಿಮ್ಮಲ್ಲಿ ಕೆಲವರಾದರೂ ಇದನ್ನು ಓದುತ್ತೀರಿ. ಅವನ ಹೆಸರನ್ನು ನಾನು ಇಲ್ಲಿ ಬರೆದಿಲ್ಲ, ನಿಮಗೆ ಗೊತ್ತಿದೆ. ಎಲ್ಲಿದ್ದಾನೆಂದು ತಿಳಿದವರು ನನಗೆ ಒಂದು ಮಾತು ತಿಳಿಸಿ. ಹುಡುಕುವಾಗ ಆ ಅಡ್ಡಹೆಸರು ಹಿಡಿದು ವಿಚಾರಿಸಬೇಡಿ. ಸಿಕ್ಕರೆ, ನೀನು ಕೇಳಿದ ಪದಕ್ಕೆ 'ಕಾಪಿಶೀ ಎಂಬ ಊರಿನಿಂದ ಬಂದದ್ದು, ಅಲ್ಲಿಯ ದ್ರಾಕ್ಷಿಯ ಮದ್ಯ' ಎಂದು ಅರ್ಥವಂತೆ, ಸರ್ ಹೇಳಿಕಳಿಸಿದ್ದಾರೆ ಎಂದು ತಿಳಿಸಿ. ಉಳಿದ ಮಾತನ್ನು ಅವನೆದುರು ನಾನೇ ಆಡಬೇಕು.